ಬೆಳ್ಳಗಿರುವುದೆಲ್ಲ ಹಾಲಲ್ಲ: ಚರ್ಮದ ಆರೈಕೆಯ ಚರಿತ್ರೆಯಿಂದ ಕೆಲವು ಪುಟಗಳು

ಅರಸರ ವಂಶಾವಳಿಗಳನ್ನೂ ಯುದ್ಧಗಳನ್ನೂ ಬರೆದಿಟ್ಟ ಇತಿಹಾಸಕಾರರು ಬಚ್ಚಲುಮನೆಯ ಕಡೆಗೆ ಕಣ್ಣು ಹಾಯಿಸಿದ್ದು ಬಹಳ ಕಡಿಮೆ. ಆದರೂ ನಮ್ಮ ಹಿಂದಿನವರು ಮೈಗೆ ಏನನ್ನು ಹಚ್ಚಿಕೊಂಡರು, ಏತರಿಂದ ತೊಳೆದುಕೊಂಡರು, ಯಾವುದರಿಂದ ನೊಂದರು ಎಂಬುದೂ ಚರಿತ್ರೆಯೇ ಸರಿ. ಮೈಸೂರಿನಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮುಗಿಸಿ, ಅನಂತರದ ವರ್ಷಗಳನ್ನು ಅಮೆರಿಕದ ಈ ಚಳಿನಾಡಿನಲ್ಲಿ ಗೃಹಿಣಿಯಾಗಿ ಕಳೆದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಸಹಜ. ನಾನು ವೈದ್ಯಳಲ್ಲ. ಆದರೆ ಹಬ್ಬ-ಹುಣ್ಣಿಮೆ, ಮದುವೆ-ಮುಂಜಿಗಳಿಗೆ ನಮ್ಮವರು ಸೇರಿದಾಗಲೆಲ್ಲ ಮನೆಮದ್ದಿನ ಮಾತು ಬಾರದೆ ಇರುವುದಿಲ್ಲ. ಆ ಮಾತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಚರಿತ್ರೆಯೇ ಒಂದು ಅಳತೆಗೋಲನ್ನು ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಚರ್ಮದ ಆರೈಕೆಯ ಕಥೆಯಲ್ಲಿ ಎರಡು ಧಾರೆಗಳಿವೆ. ಚರ್ಮವನ್ನು ಕಾಪಾಡಿಕೊಳ್ಳಬೇಕೆಂಬ ಆಸೆ ಒಂದು. ಚರ್ಮದ ಬಣ್ಣವನ್ನೇ ಬದಲಿಸಬೇಕೆಂಬ ಆಸೆ ಇನ್ನೊಂದು. ಮೊದಲನೆಯದು ಎಣ್ಣೆ, ಹಿಟ್ಟು, ಬೆಚ್ಚನೆಯ ನೀರುಗಳಲ್ಲಿ ತೃಪ್ತವಾಯಿತು. ಎರಡನೆಯದು ಮನುಷ್ಯರನ್ನು ಮತ್ತೆ ಮತ್ತೆ ವಿಷದ ಬಾಗಿಲಿಗೆ ಕರೆದೊಯ್ದಿತು.

ಎಣ್ಣೆ, ಗಂಧ ಮತ್ತು ಸಾಬೂನು

ಮೊದಲನೆಯ ಧಾರೆಯಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಅಡುಗೆಗಳ ಜೊತೆಗೆ ಸುಗಂಧದ್ರವ್ಯಗಳನ್ನು ಸಿದ್ಧಪಡಿಸುವ ವಿಧಾನಗಳೂ ಸೇರಿವೆ. ಹೆಸರಿಗೆ ತಕ್ಕಂತೆ ಅದು ಲೋಕದ ಉಪಯೋಗಕ್ಕಾಗಿ ಬರೆದ ಪುಸ್ತಕ. ಇದಾದ ಸುಮಾರು ನೂರು ವರ್ಷಗಳ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದನು. ಅರಸನ ಭೋಗಗಳನ್ನು ಒಂದೊಂದಾಗಿ ವಿವರಿಸುವ ಆ ಗ್ರಂಥದಲ್ಲಿ ಸ್ನಾನಕ್ಕೂ ಗಂಧಲೇಪನಕ್ಕೂ ಪ್ರತ್ಯೇಕ ಪ್ರಕರಣಗಳಿವೆ.

ಅರಮನೆಯ ಸ್ನಾನವೇ ಸರಳ ರೂಪದಲ್ಲಿ ನಮ್ಮ ಮನೆಗಳ ಅಭ್ಯಂಜನವಾಗಿತ್ತು. ನನ್ನ ಅಜ್ಜಿಯ ಮನೆಯಲ್ಲಿ ಹಂಡೆಯ ತುಂಬ ನೀರು ಕಾಯಿಸಿ, ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ತಲೆಗೂ ಮೈಗೂ ತಿಕ್ಕಿ, ಸೀಗೆಪುಡಿಯಿಂದ ತಲೆಯನ್ನೂ ಕಡಲೆಹಿಟ್ಟಿನಿಂದಲೋ ಹೆಸರುಹಿಟ್ಟಿನಿಂದಲೋ ಮೈಯನ್ನೂ ತೊಳೆಯುತ್ತಿದ್ದರು. ಇದರ ಹಿಂದಿನ ತತ್ತ್ವ ಬಹಳ ಸರಳವಾದುದು. ಹಿಟ್ಟು ಕೊಳೆಯನ್ನೂ ಹೆಚ್ಚಿನ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಉಳಿದ ತೆಳುವಾದ ಎಣ್ಣೆಯ ಪದರ ಚರ್ಮದೊಳಗಿನ ನೀರು ಆವಿಯಾಗದಂತೆ ತಡೆಯುತ್ತದೆ.

ಇದೇ ತತ್ತ್ವ ಬೇರೆ ನಾಡುಗಳಿಗೂ ಹೊಳೆದಿತ್ತು. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿಗಳನ್ನು ಸೇರಿಸಿ ಮಾಡಿದನೆನ್ನಲಾದ ಲೇಪನವೇ ಇಂದಿನ ಕೋಲ್ಡ್ ಕ್ರೀಮಿನ ಮೂಲ. 1872ರಲ್ಲಿ ರಾಬರ್ಟ್ ಚೀಸ್‌ಬರೋ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ವ್ಯಾಸಲೀನ್ ಮಾಡುವುದೂ ನೀರು ಆರದಂತೆ ಕಾಯುವ ಅದೇ ಕೆಲಸವನ್ನೇ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಆಪ್ತವೆನಿಸುವ ವ್ಯಕ್ತಿಯೊಬ್ಬನನ್ನೂ ಇಲ್ಲಿ ನೆನೆಯಬೇಕು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಐರ್ಲೆಂಡಿನಲ್ಲಿ ಕೆಲವು ಕಾಲ ಇದ್ದು, ಲಂಡನ್ನಿನಲ್ಲಿ ಊಟದ ಮನೆ ನಡೆಸಿ ಸೋತು, ಕೊನೆಗೆ 1814ರಲ್ಲಿ ಬ್ರೈಟನ್ ಪಟ್ಟಣದಲ್ಲಿ ಆವಿಸ್ನಾನ ಮತ್ತು ಅಂಗಮರ್ದನದ ಸ್ನಾನಗೃಹವನ್ನು ತೆರೆದನು. ಇಂಗ್ಲೆಂಡಿನ ದೊರೆಗಳಾದ ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ಅವನ ಆಶ್ರಯದಾತರಾಗಿದ್ದರು. ಒತ್ತುವುದು, ತಿಕ್ಕುವುದು ಎಂಬ ಅರ್ಥದ ಹಿಂದಿ ಮಾತಿನಿಂದ ಬಂದ ‘ಶಾಂಪೂ’ ಎಂಬ ಪದ ಅಲ್ಲಿ ಮೈತಿಕ್ಕುವಿಕೆಗೇ ಸಲ್ಲುತ್ತಿತ್ತು; ತಲೆತೊಳೆಯುವ ದ್ರವಕ್ಕೆ ಆ ಹೆಸರು ಬಂದದ್ದು ಆಮೇಲೆ.

ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯೂರೋಪಿಗೆ ರಫ್ತಾಗುವುದು ನಿಂತು, ದಾಸ್ತಾನು ಬೆಳೆಯತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ 1916ರಲ್ಲಿ ಗಂಧದೆಣ್ಣೆಯನ್ನು ತೆಗೆಯುವ ಕೆಲಸ ನಮ್ಮಲ್ಲೇ ಆರಂಭವಾಯಿತು. ಸಾಬೂನು ತಯಾರಿಕೆಯ ಶಾಸ್ತ್ರವನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರ್ ಸ್ಯಾಂಡಲ್ ಸೋಪು ರೂಪುಗೊಂಡಿತು. ಅದಕ್ಕೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರಕಿತು. ನಮ್ಮಲ್ಲಿ ಬಹಳ ಮಂದಿಯ ಪೆಟ್ಟಿಗೆಗಳಲ್ಲಿ ತಾಯ್ನಾಡಿನ ಪರಿಮಳವನ್ನು ಹೊತ್ತು ಸಾಗರ ದಾಟಿ ಬಂದದ್ದು ಅದೇ.

ಬಿಳುಪಿನ ಬೆಲೆ

ಇನ್ನು ಎರಡನೆಯ ಧಾರೆ. ಬಿಳುಪಿನ ಮೋಹ ಭಾರತೀಯರದು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಮೊದಲೇ ಬೆಳ್ಳಗಿದ್ದ ಯೂರೋಪಿನ ಹೆಂಗಸರೂ ಇನ್ನಷ್ಟು ಬೆಳ್ಳಗಾಗಲು ಶತಮಾನಗಳ ಕಾಲ ಬಿಳಿಸೀಸದ ಲೇಪನವನ್ನು ಮುಖಕ್ಕೆ ಬಳಿದುಕೊಂಡರು. ಸೀಸ ಚರ್ಮವನ್ನು ಕೆಡಿಸುತ್ತಿತ್ತು. ಕೆಟ್ಟ ಚರ್ಮವನ್ನು ಮರೆಮಾಡಲು ಇನ್ನಷ್ಟು ಲೇಪನ ಬೇಕಾಗುತ್ತಿತ್ತು. ಲಂಡನ್ನಿನ ಸುಪ್ರಸಿದ್ಧ ಸುಂದರಿ, ಕಾವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ 1760ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡಾಗ, ಈ ಲೇಪನವೇ ಆಕೆಯನ್ನು ಬಲಿ ತೆಗೆದುಕೊಂಡಿತೆಂಬ ಮಾತು ಹಬ್ಬಿ ಇಂದಿಗೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪತ್ರಿಕೆಗಳು ಮೈಬಣ್ಣವನ್ನು ತಿಳಿಗೊಳಿಸುವ ಪಾಷಾಣದ ಬಿಲ್ಲೆಗಳ ಜಾಹೀರಾತುಗಳನ್ನು ಯಾವ ಸಂಕೋಚವೂ ಇಲ್ಲದೆ ಪ್ರಕಟಿಸುತ್ತಿದ್ದವು. 1930ರ ದಶಕದಲ್ಲಿ ಫ್ರಾನ್ಸಿನ ‘ಥೋ-ರಾಡಿಯಾ’ ಎಂಬ ಸಂಸ್ಥೆ ರೇಡಿಯಂ ಬೆರೆಸಿದ ಮುಖದ ಕ್ರೀಮನ್ನೇ ಮಾರಿತು.

1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಯ ಬಣ್ಣವನ್ನು ಹಚ್ಚಿಕೊಂಡ ಹೆಂಗಸರ ಕಣ್ಣುಗಳಿಗೆ ಘೋರವಾದ ಹಾನಿಯಾಯಿತು. ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಅದನ್ನು ತಡೆಯುವ ಅಧಿಕಾರ ಅಂದಿನ ಕಾನೂನಿನಲ್ಲಿ ಯಾರಿಗೂ ಇರಲಿಲ್ಲ. ಇಂತಹ ದುರಂತಗಳ ಫಲವಾಗಿ 1938ರಲ್ಲಿ ಆಹಾರ, ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆ ಜಾರಿಗೆ ಬಂದಿತು. ಭಾರತದಲ್ಲಿ 1940ರ ಔಷಧ ಕಾಯಿದೆಯ ವ್ಯಾಪ್ತಿಗೆ ಸೌಂದರ್ಯ ಸಾಧನಗಳು ಸೇರಿದ್ದು 1962ರ ತಿದ್ದುಪಡಿಯಿಂದ.

ಬಿಳುಪಿನ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಪಾದರಸದ ಲವಣಗಳು ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಹುಟ್ಟದಂತೆ ತಡೆಯುತ್ತವೆ. ಹಾಗೆಯೇ ಮೂತ್ರಪಿಂಡವನ್ನೂ ನರಗಳನ್ನೂ ಹಾಳುಮಾಡುತ್ತವೆ. 2013ರ ಮಿನಮಾಟ ಒಪ್ಪಂದ ಇಂತಹ ಕ್ರೀಮುಗಳ ಮೇಲೆ ಜಾಗತಿಕ ನಿರ್ಬಂಧ ಹೇರಿತು. ಆದರೂ 2019ರಲ್ಲಿ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೋ ನಗರದ ಮಹಿಳೆಯೊಬ್ಬರು ಪಾದರಸ ಬೆರೆತ ಕ್ರೀಮನ್ನು ಬಳಸಿ ಪ್ರಜ್ಞಾಹೀನ ಸ್ಥಿತಿಗೆ ಜಾರಿದರು. ಭಾರತದಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರನ್ನು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಿಸಿಕೊಂಡಿತು. ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ.

ನಮ್ಮ ಮನೆಯ ಡಬ್ಬಿಗಳು

ಅಂಗಡಿಯದು ಕೆಟ್ಟದ್ದು, ಮನೆಯದು ಒಳ್ಳೆಯದು ಎಂದು ತೀರ್ಮಾನಿಸುವುದು ಸುಲಭ. ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ. ಬಿಳುಪಿನ ಧಾರೆ ನಮ್ಮ ಅಡುಗೆಮನೆಯೊಳಗೂ ಹರಿದಿದೆ. ಗರ್ಭಿಣಿ ಕೇಸರಿಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎನ್ನುತ್ತೇವೆ. ಹಸುಗೂಸನ್ನು ಹಿಟ್ಟಿನಿಂದ ಉಜ್ಜಿದರೆ ಬಣ್ಣ ತಿಳಿಯಾಗುತ್ತದೆ ಎನ್ನುತ್ತೇವೆ. ಬಣ್ಣವನ್ನು ನಿರ್ಧರಿಸುವುದು ತಂದೆತಾಯಿಗಳಿಂದ ಬಂದ ವಂಶವಾಹಿಗಳು. ವರ್ಣಕವನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿನವರಲ್ಲೂ ಬೆಳ್ಳಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ವರ್ಣಕದ ಪ್ರಮಾಣದಲ್ಲಿ ಮತ್ತು ಬಗೆಯಲ್ಲಿ. ಕೇಸರಿಯಾಗಲಿ ಕಡಲೆಹಿಟ್ಟಾಗಲಿ ಅದನ್ನು ಮಾರ್ಪಡಿಸಲಾರವು. ಎಳೆಯ ಚರ್ಮವನ್ನು ಉಜ್ಜಿದರೆ ಅದು ಕೆಂಪಾಗಿ ಉರಿಯುವುದಷ್ಟೇ ಫಲ.

ಕಲೆ ತೆಗೆಯಲು ನಿಂಬೆರಸ, ಮೊಡವೆಗೆ ಅಡುಗೆ ಸೋಡ ಎಂಬ ಸಲಹೆಗಳೂ ಹಾಗೆಯೇ. 1928ರಲ್ಲಿ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನ್ ವಿಜ್ಞಾನಿಗಳು ಚರ್ಮದ ಮೇಲೆ ತೆಳುವಾದ ಆಮ್ಲದ ಕವಚವಿದೆಯೆಂದು ವಿವರಿಸಿದರು. ಆಮ್ಲ-ಕ್ಷಾರಗಳನ್ನು ಅಳೆಯುವ ಪಿ.ಎಚ್. ಮಾನದಲ್ಲಿ ಆರೋಗ್ಯವಂತ ಚರ್ಮ ಸುಮಾರು 5ರ ಆಸುಪಾಸಿನಲ್ಲಿದೆ. ನಿಂಬೆರಸ ಸುಮಾರು 2. ಅಡುಗೆ ಸೋಡದ ನೀರು 8ಕ್ಕಿಂತ ಹೆಚ್ಚು. ಒಂದು ಸುಡುತ್ತದೆ, ಇನ್ನೊಂದು ಕವಚವನ್ನು ಕಳಚುತ್ತದೆ. ನಿಂಬೆರಸದಲ್ಲಿ ಇನ್ನೊಂದು ಅಪಾಯವೂ ಇದೆ. ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಗುಲಿದಾಗ ಚರ್ಮವನ್ನು ಬೊಕ್ಕೆಯೇಳುವಂತೆ ಸುಡುತ್ತವೆ. ನಮ್ಮ ಪರಿಚಯದ ಹುಡುಗಿಯೊಬ್ಬಳು, ಮದುವೆಗೆ ಎರಡು ವಾರವಿದ್ದಾಗ, ಬಂಧುಗಳ ಮಾತು ಕೇಳಿ ಕತ್ತಿಗೂ ಕೆನ್ನೆಗೂ ನಿಂಬೆರಸ ಹಚ್ಚಿಕೊಂಡು ಬೇಸಿಗೆಯ ತೋಟದಲ್ಲಿ ಕುಳಿತಳು. ತಿಳಿಯಾಗಬೇಕೆಂದು ಹಚ್ಚಿದ ಕಡೆಗಳಲ್ಲಿಯೇ ಕಂದು ಬಣ್ಣದ ಪಟ್ಟೆಗಳೆದ್ದು, ಮದುವೆಯ ಚಿತ್ರಗಳಲ್ಲೆಲ್ಲ ಉಳಿದುಹೋದವು. ಅವು ಮಾಸಲು ಬಹಳ ತಿಂಗಳುಗಳೇ ಹಿಡಿದವು.

ಮಂಗಳದ್ರವ್ಯಗಳ ವಿಷಯದಲ್ಲೂ ಎಚ್ಚರ ಬೇಕು. ಅರಿಶಿನಕ್ಕೆ ನಿಂಬೆರಸ, ಪಟಿಕ, ಬಿಳಿಗಾರಗಳನ್ನು ಸೇರಿಸಿ ಮನೆಯಲ್ಲಿಯೇ ಕುಂಕುಮ ಮಾಡುತ್ತಿದ್ದ ಕಾಲವಿತ್ತು. ಈಗ ಅಂಗಡಿಯ ಪುಡಿಯಲ್ಲಿ ಏನಿದೆಯೆಂದು ನೋಡಿ ಹೇಳಲಾಗದು. 2017ರಲ್ಲಿ ಪ್ರಕಟವಾದ ರಟ್ಗರ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಅಮೆರಿಕದಲ್ಲಿ ಕೊಂಡ ಸಿಂಧೂರದ ಮಾದರಿಗಳ ಪೈಕಿ ನೂರಕ್ಕೆ 83ರಲ್ಲಿ ಒಂದು ಗ್ರಾಮಿಗೆ ಕನಿಷ್ಠ ಒಂದು ಮೈಕ್ರೋಗ್ರಾಮಿನಷ್ಟು ಸೀಸ ಕಂಡುಬಂದಿತು. ಕೆಲವು ಸುರುಮಗಳಲ್ಲಿ ಸೀಸದ ಅಂಶವೇ ಪ್ರಧಾನ. ಕೂಸಿನ ಕಣ್ಣಿಗೆ ಅದನ್ನು ತೀಡಬಾರದು. ಅಂಟುಬೊಟ್ಟಿನ ಕೆಲವು ಬಗೆಯ ಅಂಟಿನಿಂದ ಹಣೆಯಲ್ಲಿ ಬಿಳಿಮಚ್ಚೆಯಾಗುವುದನ್ನು ಚರ್ಮವೈದ್ಯರು ಬಲ್ಲರು. ಗೋರಂಟಿ ಸೊಪ್ಪು ಕೊಡುವುದು ಕೆಂಪು ಬಣ್ಣವನ್ನು; ‘ಕಪ್ಪು ಮದರಂಗಿ’ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಕೂದಲಿಗೆ ಹಾಕುವ ರಾಸಾಯನಿಕ ಬಣ್ಣ ಬೆರೆತಿರುತ್ತದೆ. ಲ್ಯಾಷ್ ಲ್ಯೂರ್ ದುರಂತಕ್ಕೆ ಕಾರಣವಾದದ್ದೂ ಅದೇ ಜಾತಿಯ ಬಣ್ಣವೆಂಬುದನ್ನು ಮರೆಯಬಾರದು.

ಉಳಿಸಿಕೊಳ್ಳಬೇಕಾದದ್ದು

ಹಾಗಾದರೆ ಅಜ್ಜಿಯ ಮಾತನ್ನೆಲ್ಲ ತಿಪ್ಪೆಗೆ ಎಸೆಯಬೇಕೇ? ಖಂಡಿತ ಬೇಡ. ಅಭ್ಯಂಜನದ ತತ್ತ್ವ ಈ ನಾಡಿನ ಚಳಿಗಾಲಕ್ಕೆ ಮೈಸೂರಿನ ಹವೆಗಿಂತಲೂ ಹೆಚ್ಚು ಸಲ್ಲುತ್ತದೆ. ಹೊರಗೆ ಹಿಮ, ಒಳಗೆ ಯಂತ್ರ ಕಾಯಿಸಿದ ಒಣಗಾಳಿ. ನಡುವೆ ಚರ್ಮ ಬಿರಿಯುತ್ತದೆ. ಸುಡುನೀರಿನ ಬದಲು ಉಗುರುಬೆಚ್ಚನೆಯ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈಯನ್ನು ಒತ್ತಿ ಒರೆಸಿ, ತೇವ ಆರುವ ಮುನ್ನವೇ ಎಣ್ಣೆಯನ್ನೋ ಸುವಾಸನೆಯಿಲ್ಲದ ಸಾಧಾರಣ ಕ್ರೀಮನ್ನೋ ಹಚ್ಚಿಕೊಂಡರೆ ಸಾಕು. ಮೊಡವೆಯ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಸಲ್ಲದು. ಅದು ರಂಧ್ರಗಳನ್ನು ಮುಚ್ಚಬಹುದು. ಸಾಬೂನು ಕ್ಷಾರಗುಣದ್ದಾದ್ದರಿಂದ ಗಂಧದ ಸೋಪನ್ನು ಮೈಗೆಲ್ಲ ದಿನಕ್ಕೆರಡು ಸಲ ತಿಕ್ಕಬೇಕಾಗಿಲ್ಲ; ಬೆವರುವ ಭಾಗಗಳಿಗೆ ಹಚ್ಚಿದರೆ ಚಳಿಗಾಲದಲ್ಲಿ ಅಷ್ಟೇ ಸಾಲುತ್ತದೆ.

ಅಜ್ಜಿಯರು ಅರಿಯದೆ ನಾವು ಅರಿತಿರುವುದು ಒಂದಿದೆ: ಬಿಸಿಲಿನ ಕ್ರೀಮು. ಎಸ್.ಪಿ.ಎಫ್. 30 ಅಥವಾ ಅದಕ್ಕೂ ಹೆಚ್ಚಿನದನ್ನು ಹೊರಗೆ ಹೋಗುವ ಮೊದಲು ಹಚ್ಚಿ, ಹೊರಗಿರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಬಣ್ಣಕ್ಕೆ ಅದು ಬೇಡವೆಂಬುದು ತಪ್ಪು ಕಲ್ಪನೆ. ನಮ್ಮ ವಯಸ್ಸಿನ ಹೆಂಗಸರನ್ನು ಕಾಡುವ ಬಂಗನ್ನು ಹೆಚ್ಚಿಸುವುದು ಬಿಸಿಲೇ. ಇದನ್ನು ಮನೆಯಲ್ಲಿ ತಯಾರಿಸಲಾಗದು. ಎಣ್ಣೆ, ಅರಿಶಿನಗಳು ಬಿಸಿಲಿಗೆ ಗುರಾಣಿಯಾಗಲಾರವು. ಹೊಸದಾಗಿ ಏನನ್ನೇ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಚೂರು ಹಚ್ಚಿ ಎರಡು ದಿನ ಕಾಯುವುದು ಒಳಿತು. ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿಯನ್ನು, ಅದನ್ನು ಯಾರೇ ಪ್ರೀತಿಯಿಂದ ತಂದುಕೊಟ್ಟಿರಲಿ, ತೆರೆಯಬಾರದು. ಮಚ್ಚೆಯ ಗಾತ್ರವೋ ಬಣ್ಣವೋ ಬದಲಾಗುತ್ತಿದ್ದರೆ ಮನೆಮದ್ದಿಗೆ ಕೈಹಾಕದೆ ಚರ್ಮವೈದ್ಯರ ಬಳಿಗೆ ಹೋಗಬೇಕು.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ, ಅದು ಮದ್ದಿನದಲ್ಲ. ನಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ತಮ್ಮ ಬಣ್ಣದ ಬಗ್ಗೆ ಪರರ ಮಾತನ್ನು ಕೇಳಿಯೇ ಬೆಳೆಯುತ್ತಾರೆ. ಮನೆಗೆ ಬಂದಾಗ ‘ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಸ್ವಲ್ಪ ಕಪ್ಪು’ ಎಂದು ನಾವೇ ಅಂದರೆ ಅವರು ಯಾರಲ್ಲಿ ದೂರಬೇಕು? ಸೀಸ, ಪಾಷಾಣ, ಪಾದರಸಗಳೆಲ್ಲ ಮಾರಾಟವಾದದ್ದು ಈ ಒಂದು ‘ಆದರೆ’ಯ ಬಲದಿಂದ. ‘ಕರ್ನಾಟಕ’ ಎಂಬ ಹೆಸರಿಗೇ ಕರಿಯ ಮಣ್ಣಿನ ನಾಡು ಎಂದು ಅರ್ಥ ಹೇಳಿದ ವಿದ್ವಾಂಸರಿದ್ದಾರೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೈಗನ್ನಡಿ ಹಿಡಿದು ತನ್ನ ಚೆಲುವನ್ನು ತಾನೇ ನೋಡುತ್ತ ನಿಂತಿರುವ ದರ್ಪಣಸುಂದರಿಯೂ ಕರಿಯ ಕಲ್ಲಿನವಳು. ಒಂಬತ್ತು ಶತಮಾನಗಳಿಂದ ಅವಳಿಗೆ ಬಣ್ಣ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ಮುಂದಿನ ರಜೆಗೆ ಮಕ್ಕಳನ್ನು ಊರಿಗೆ ಕರೆದೊಯ್ದಾಗ ಅವಳನ್ನು ತಪ್ಪದೆ ತೋರಿಸೋಣ.