ಹೊರಡುವ ನೆಲೆ: ಗಾಲ್ಫ್ ಆಟದ ಒಂದು ಶಾಸನದ ಚರಿತ್ರೆ



ಚರಿತ್ರೆಯೆಂದೊಡನೆ ರಾಜವಂಶಗಳು, ಕದನಗಳು, ಸಂಧಿಪತ್ರಗಳು ನಮ್ಮ ಮನಸ್ಸಿಗೆ ಬರುವುವು. ಇಂದು ನಾವು ಆರಿಸಿಕೊಂಡಿರುವ ವಿಷಯವಾದರೋ ಅಂಗೈಯಗಲದ್ದು. ಗಾಲ್ಫ್ ಆಟದಲ್ಲಿ ಚೆಂಡನ್ನು ಮೊಟ್ಟಮೊದಲು ಎಲ್ಲಿಟ್ಟು ಹೊಡೆಯಬೇಕು, ಇಡಬಾರದ ಕಡೆಯಲ್ಲಿಟ್ಟು ಹೊಡೆದವನಿಗೆ ಏನು ದಂಡ, ಎಂಬಿಷ್ಟೇ ಅದರ ವಿಸ್ತಾರ. ಇಷ್ಟು ಸಣ್ಣ ಮಾತಿಗೂ ಸುಮಾರು ಇನ್ನೂರ ಎಂಬತ್ತು ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ, ಮನುಷ್ಯರು ತಮಗೆ ತಾವೇ ಶಾಸನ ಮಾಡಿಕೊಳ್ಳುವ ಬಗೆ ನಮಗೆ ಚೆನ್ನಾಗಿ ಕಾಣಬರುತ್ತದೆ.

ಈ ಆಟವನ್ನು ಆಡದವರಿಗಾಗಿ ಒಂದೆರಡು ಮಾತು. ವಿಶಾಲವಾದ ಬಯಲಿನಲ್ಲಿ ದೂರದೂರಕ್ಕೆ ಹದಿನೆಂಟು ಕುಳಿಗಳಿರುತ್ತವೆ. ಆಟಗಾರನು ಕೋಲಿನಿಂದ ಸಣ್ಣ ಚೆಂಡೊಂದನ್ನು ಹೊಡೆಯುತ್ತ, ಆದಷ್ಟು ಕಡಮೆ ಏಟುಗಳಲ್ಲಿ ಅದನ್ನು ಒಂದೊಂದೇ ಕುಳಿಗೆ ಸೇರಿಸುತ್ತ ಹೋಗಬೇಕು. ಪ್ರತಿಯೊಂದು ಕುಳಿಗೂ ಹೊರಡುವ ನೆಲೆಯೊಂದು ಗೊತ್ತಾಗಿರುತ್ತದೆ. ಅಲ್ಲಿ ಚೆಂಡನ್ನು ನೆಲದಿಂದ ಕೊಂಚ ಎತ್ತರಿಸಿ ಇಡಲು ಉಪಯೋಗಿಸುವ ಆಸರೆಗೆ ಟೀ ಎಂದು ಹೆಸರು. ನಮ್ಮ ಹುಡುಗರ ಚಿನ್ನಿದಾಂಡನ್ನು ನೆನೆದರೆ ಇದು ಸುಲಭವಾಗಿ ತಿಳಿದೀತು. ಅಲ್ಲಿಯೂ ಗುಳಿಯಿಂದಲೇ ಆಟ ಹೊರಡಬೇಕು. ದೂರವನ್ನು ದಾಂಡಿನಿಂದಲೇ ಅಳೆಯಬೇಕು. ಗಾಲ್ಫಿನಲ್ಲಿಯೂ ಅಳತೆಗೋಲು ಆಟದ ಕೋಲೇ. ಗುಳಿಯನ್ನು ಬಿಟ್ಟು ಎರಡು ಗೇಣು ಮುಂದೆ ನಿಂತು ಚಿನ್ನಿ ಹಾರಿಸಿದ ಹುಡುಗನ ಸುತ್ತ ಏಳುವ ಗದ್ದಲವನ್ನು ಬಲ್ಲವರಿಗೆ ಇಂದಿನ ವಿಷಯ ಹೊಸದಲ್ಲ.

1744ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಸಭೆಯು, ಪಕ್ಕದ ಲೀತ್ ಎಂಬಲ್ಲಿನ ಬಯಲಿನಲ್ಲಿ ಆಡುತ್ತಿದ್ದ ದೊಡ್ಡ ಮನುಷ್ಯರಿಗೆ ಬೆಳ್ಳಿಯ ಗಾಲ್ಫ್ ಕೋಲೊಂದನ್ನು ಪಂದ್ಯದ ಬಹುಮಾನವಾಗಿ ಕೊಟ್ಟಿತು. ಅದುವರೆಗೆ ಗೆಳೆಯರು ಗೆಳೆಯರೊಡನೆ ಆಡುತ್ತಿದ್ದರು. ವಾಡಿಕೆಯೇ ಅವರಿಗೆ ಶಾಸನವಾಗಿತ್ತು. ಊರೂರಿನವರಿಗೂ ತೆರೆದ ಪಂದ್ಯವೆಂದಮೇಲೆ ವಾಡಿಕೆ ಸಾಲದೆ ಹೋಯಿತು. ಒಂದು ಬಯಲಿನ ವಾಡಿಕೆ ಇನ್ನೊಂದು ಬಯಲಿನವನಿಗೆ ತಿಳಿಯದಷ್ಟೆ. ಆದುದರಿಂದ ಅವರು ಹದಿಮೂರು ನಿಯಮಗಳನ್ನು ಬರೆದಿಟ್ಟರು. ನಮಗೆ ದೊರೆತಿರುವ ಗಾಲ್ಫ್ ನಿಯಮಗಳಲ್ಲಿ ಇವೇ ಅತ್ಯಂತ ಹಳೆಯವು. ಅವುಗಳಲ್ಲಿ ಮೊದಲನೆಯದು ಹೊರಡುವ ನೆಲೆಯನ್ನು ಕುರಿತದ್ದೇ: ಹಿಂದಿನ ಕುಳಿಯಿಂದ ಒಂದು ಕೋಲಿನಳತೆಯ ಒಳಗೆ ಚೆಂಡನ್ನು ಟೀ ಮೇಲಿಡಬೇಕು. ಎರಡನೆಯದೂ ಅದಕ್ಕೆ ಸೇರಿದ್ದೇ: ಟೀ ನೆಲದ ಮೇಲೆಯೇ ಇರಬೇಕು.

ಆ ವರ್ಷ ಬೆಳ್ಳಿಯ ಕೋಲನ್ನು ಗೆದ್ದು ನಾಯಕನಾದವನು ಜಾನ್ ರ್‍ಯಾಟ್ರೆ ಎಂಬ ಶಸ್ತ್ರವೈದ್ಯ. ಮರುವರ್ಷವೂ ಅವನೇ ಗೆದ್ದನು. ಅಷ್ಟರಲ್ಲಿ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸನು ಸಿಂಹಾಸನಕ್ಕಾಗಿ ದಂಗೆಯೆದ್ದನು. ರ್‍ಯಾಟ್ರೆಯು ಆ ಸೈನ್ಯದ ವೈದ್ಯನಾಗಿ ಹೊರಟನು. 1746ರಲ್ಲಿ ಕಲ್ಲೋಡನ್ನಿನ ಕದನದಲ್ಲಿ ದಂಗೆ ಮುರಿದುಬಿದ್ದಿತು, ವೈದ್ಯನು ಸೆರೆಸಿಕ್ಕಿದನು. ಅವನ ತಲೆಯುಳಿದುದು ಡಂಕನ್ ಫೋರ್ಬ್ಸ್ ಎಂಬ ಹಿರಿಯ ನ್ಯಾಯಾಧೀಶನ ಮಾತಿನಿಂದ. ಫೋರ್ಬ್ಸನು ದೊರೆಯ ಪಕ್ಷದವನು. ಆದರೆ ಲೀತಿನ ಬಯಲಿನಲ್ಲಿ ಚೆಂಡು ಹೊಡೆದವನು. ರಾಜ್ಯದ ಶಾಸನವನ್ನು ಮುರಿದವನಿಗೆ ಆಟದ ಶಾಸನವನ್ನು ಒಟ್ಟಿಗೆ ಪಾಲಿಸಿದವನು ಆಸರೆಯಾದನು.

ಆ ಮೊದಲ ನಿಯಮದಲ್ಲಿ ನಮಗೆ ಸೋಜಿಗವಾಗುವ ಒಂದು ಅಂಶವುಂಟು. ಚೆಂಡು ಕಳೆದುಹೋದರೆ ಏನು ದಂಡ, ನೀರಿಗೆ ಬಿದ್ದರೆ ಏನು ದಂಡ ಎಂದು ಹದಿಮೂರರಲ್ಲಿ ಹೇಳಿದೆ. ತಪ್ಪು ನೆಲೆಯಿಂದ ಹೊರಟವನಿಗೆ ಏನು ದಂಡವೆಂದು ಮಾತ್ರ ಹೇಳಿಲ್ಲ. ಇದು ಮರೆವಿನ ಫಲವಲ್ಲವೆಂದು ನಾವು ಊಹಿಸುತ್ತೇವೆ. ಅಂದಿನ ಆಟವು ಮುಖ್ಯವಾಗಿ ಎದುರಾಳಿಗಳ ಆಟ. ಒಂದೊಂದು ಕುಳಿಯನ್ನೂ ಇಬ್ಬರಲ್ಲಿ ಒಬ್ಬನು ಗೆಲ್ಲುವನು. ಇಬ್ಬರೂ ಒಟ್ಟಿಗೆ ನಡೆಯುವರು. ಒಬ್ಬನು ನೆಲೆ ತಪ್ಪಿ ಹೊರಟರೆ ನಷ್ಟವಾಗುವುದು ಇನ್ನೊಬ್ಬನಿಗೆ ಮಾತ್ರ, ಆ ಇನ್ನೊಬ್ಬನೋ ಪಕ್ಕದಲ್ಲಿಯೇ ನಿಂತಿರುವನು. "ಅಯ್ಯಾ, ಹಿಂದಕ್ಕೆ ಬಂದು ಹೊಡೆ" ಎಂದು ಅವನು ಅಂದರೆ ಮುಗಿಯಿತು. ಆಕ್ಷೇಪಿಸುವ ಹಕ್ಕೂ ಕ್ಷಮಿಸುವ ಹಕ್ಕೂ ಒಬ್ಬನದೇ ಆದಲ್ಲಿ ದಂಡಕ್ಕೆ ಎಡೆಯಿಲ್ಲ.

ತರುವಾಯ ಆಟದ ಬೇರೊಂದು ಬಗೆ ಬಳಕೆಗೆ ಬಂದಿತು. ಲೀತಿನ ನಿಯಮಗಳನ್ನೇ ಬಹುಮಟ್ಟಿಗೆ ಅನುಸರಿಸಿ 1754ರಲ್ಲಿ ಸಂಘ ಕಟ್ಟಿಕೊಂಡ ಸೇಂಟ್ ಆಂಡ್ರೂಸ್ ಪಟ್ಟಣದವರು, 1759ರ ಹೊತ್ತಿಗೆ ಇಡೀ ಸುತ್ತಿನ ಏಟುಗಳನ್ನೆಲ್ಲ ಕೂಡಿಸಿ ಲೆಕ್ಕವಿಡುವ ಕ್ರಮವನ್ನು ಗೊತ್ತುಮಾಡಿದರು. ಇಲ್ಲಿ ಒಬ್ಬನ ಎದುರಾಳಿ ಒಬ್ಬನಲ್ಲ. ಬಯಲಿನಲ್ಲಿ ಹರಡಿಕೊಂಡಿರುವ ಎಲ್ಲರೂ. ನೆಲೆ ತಪ್ಪಿ ಹೊರಟವನಿಂದ ನಷ್ಟಪಡುವವರು ಅವನನ್ನು ಕಾಣಲಾರರು, ತಡೆಯಲಾರರು. ಜೊತೆಯಲ್ಲಿ ನಡೆಯುವವನು ಅವರೆಲ್ಲರ ಪರವಾಗಿ ಕ್ಷಮಿಸುವುದಕ್ಕೆ ಅಧಿಕಾರಿಯೂ ಅಲ್ಲ. ಹೀಗಿರಲು, ಇಲ್ಲದವರ ಪರವಾಗಿ ಶಾಸನವೇ ಮಾತನಾಡಬೇಕಾಗುತ್ತದೆ. ದಂಡವು ಹುಟ್ಟುವುದು ಇಲ್ಲಿ. ಹಳ್ಳಿಯ ಪಂಚಾಯಿತಿಯು ರಾಜಿಯಿಂದ ಮುಗಿಸುವ ವ್ಯಾಜ್ಯವನ್ನು ನಗರದ ನ್ಯಾಯಸ್ಥಾನವು ದಂಡದಿಂದ ಮುಗಿಸುವುದಕ್ಕೂ ಕಾರಣ ಇದೇ ಅಲ್ಲವೆ?

ಈ ನಡುವೆ ಹೊರಡುವ ನೆಲೆ ತಾನೂ ಕದಲಿತು. ಆಗಿನ ಟೀ ಎಂದರೆ ಹಿಡಿ ಮರಳಿನ ಗುಪ್ಪೆ. ಆ ಮರಳನ್ನು ಕೈಹಾಕಿ ತೆಗೆಯುತ್ತಿದ್ದುದು ಕುಳಿಯಿಂದಲೇ. ದಿನಗಳೆದಂತೆ ಕುಳಿ ಆಳವಾಗುವುದು, ಅದರ ಅಂಚು ಕುಸಿಯುವುದು. ಕುಳಿಯ ಸುತ್ತಲ ಹುಲ್ಲೋ ಹೊರಡುವವರ ತುಳಿತಕ್ಕೆ ಸಿಕ್ಕಿ ಹಾಳಾಗುವುದು. ಮುಟ್ಟಿಸುವ ಮೃದುವಾದ ಏಟಿಗೆ ನುಣುಪಾದ ನೆಲ ಬೇಕು. ಬೀಸಿ ಹೊಡೆಯುವ ಏಟು ಆ ನೆಲವನ್ನೇ ಕೆದಕುವುದು. ಆದುದರಿಂದ ಒಂದು ಕೋಲಳತೆಯ ನಿಯಮ ಸಡಿಲಿತು. 1812ರ ಸೇಂಟ್ ಆಂಡ್ರೂಸ್ ನಿಯಮದಲ್ಲಿ ಕುಳಿಯಿಂದ ಎರಡು ಕೋಲಿಗೆ ಕಡಮೆಯಿಲ್ಲದೆ, ನಾಲ್ಕು ಕೋಲಿಗೆ ಹೆಚ್ಚಿಲ್ಲದೆ ಎಂದಾಯಿತು. ಮುಂದೆ ಆ ಅಂತರ ಇನ್ನೂ ಬೆಳೆಯಿತು. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಂದಿತು. ತೊಗಲಿನೊಳಗೆ ಹಕ್ಕಿಯ ಗರಿ ತುರುಕಿದ ಹಳೆಯ ಚೆಂಡಿಗಿಂತ ಇದು ಬಹಳ ಅಗ್ಗ. 1852ರಲ್ಲಿ ಸೇಂಟ್ ಆಂಡ್ರೂಸಿಗೆ ರೈಲೂ ಬಂದಿತು. ಆಡುವವರು ಹೆಚ್ಚಿದರು, ನೆಲ ಸವೆಯಿತು. ಕೊನೆಗೆ ಕುಳಿಯ ನೆಲವನ್ನೂ ಹೊರಡುವ ನೆಲವನ್ನೂ ಬೇರೆಬೇರೆ ಮಾಡದೆ ಗತ್ಯಂತರವಿಲ್ಲದಾಯಿತು. ಸೇಂಟ್ ಆಂಡ್ರೂಸಿನ ಬಯಲನ್ನು ನಾಲ್ಕು ದಶಕಗಳ ಕಾಲ ನೋಡಿಕೊಂಡ ಟಾಮ್ ಮಾರಿಸ್ ಎಂಬ ಹಿರಿಯನಿಗೆ ಈ ಬೇರ್ಪಾಟಿನ ಕೀರ್ತಿಯನ್ನು ಸಲ್ಲಿಸುವುದುಂಟು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಎರಡು ಗುರುತುಗಳನ್ನು ನೆಟ್ಟು, ಅವುಗಳ ನಡುವಣ ನೆಲವೇ ಹೊರಡುವ ನೆಲೆಯೆಂದು ನಿಯಮವಾಗಿದ್ದಿತು. 1897ರಲ್ಲಿ ಸೇಂಟ್ ಆಂಡ್ರೂಸಿನ ಸಂಘವು ನಿಯಮಸಮಿತಿಯನ್ನು ನೇಮಿಸಿತು. 1899ರಲ್ಲಿ ಒಟ್ಟುಗೂಡಿಸಿದ ಸಂಹಿತೆ ಹೊರಬಿದ್ದಿತು. 1952ರಲ್ಲಿ ಆ ಸಂಘವೂ ಅಮೆರಿಕದ ಸಂಘವೂ ಒಂದೇ ನಿಯಮಾವಳಿಯನ್ನು ಹೊರಡಿಸಿದುವು.

2019ರಲ್ಲಿ ಪರಿಷ್ಕಾರವಾದ ನಿಯಮಾವಳಿಯಲ್ಲಿ ಈ ನೆಲೆಯ ವಿವರ ಹೀಗಿದೆ. ಎರಡು ಗುರುತುಗಳ ಮುಂಭಾಗದಿಂದ ಹಿಂದಕ್ಕೆ ಎರಡು ಕೋಲಳತೆಯಷ್ಟು ಆಳದ ಚೌಕವೇ ಹೊರಡುವ ನೆಲೆ. ಚೆಂಡಿನ ಯಾವ ಭಾಗವಾದರೂ ಅದರೊಳಗಿದ್ದರೆ ಸಾಕು. ಆಟಗಾರನ ಕಾಲು ಹೊರಗಿರಬಹುದು. ಅನುಕೂಲಕ್ಕಾಗಿ ಆ ಗುರುತುಗಳನ್ನು ಸರಿಸಬಾರದು. ಎದುರಾಳಿಗಳ ಆಟದಲ್ಲಿ ಹೊರಗಿನಿಂದ ಹೊರಟವನಿಗೆ ಇಂದಿಗೂ ದಂಡವಿಲ್ಲ; ಎದುರಾಳಿಯು ಕೂಡಲೇ ಆ ಏಟನ್ನು ರದ್ದುಮಾಡಿ ಮತ್ತೆ ಹೊಡೆಯೆನ್ನಬಹುದು, ಬೇಡವೆನಿಸಿದರೆ ಸುಮ್ಮನಿರಬಹುದು. ಚೆಂಡು ಪೊದೆಗೆ ಬಿದ್ದಿದ್ದರೆ ಸುಮ್ಮನಿರುವುದೇ ಜಾಣತನವೆಂದು ಬೇರೆ ಹೇಳಬೇಕಾಗಿಲ್ಲ. ಏಟುಗಳನ್ನು ಕೂಡಿಸುವ ಆಟದಲ್ಲಾದರೋ ಎರಡು ಏಟುಗಳ ದಂಡ. ತಪ್ಪಾಗಿ ಹೊಡೆದ ಏಟು ಲೆಕ್ಕಕ್ಕಿಲ್ಲ. ಮರಳಿ ಬಂದು ಸರಿಯಾದ ನೆಲೆಯಿಂದ ಹೊರಡಬೇಕು. ಹಾಗೆ ತಿದ್ದಿಕೊಳ್ಳದೆ ಮುಂದಿನ ಕುಳಿಗೆ ಹೊರಟವನನ್ನು ಪಂದ್ಯದಿಂದಲೇ ತೆಗೆದುಹಾಕುವರು. ತಪ್ಪಿಗೆ ಎರಡು ಏಟು, ತಪ್ಪನ್ನು ತಿದ್ದದಿರುವುದಕ್ಕೆ ಬಹಿಷ್ಕಾರ: ಈ ತಾರತಮ್ಯದಲ್ಲಿ ಅನುಭವದ ವಿವೇಕವಿದೆ.

ನೆಲೆ ತಪ್ಪುವ ದೋಷ ಹೊರಡುವಲ್ಲಿ ಮಾತ್ರವಲ್ಲದೆ ನಡುವೆಯೂ ಉಂಟಾಗಬಹುದು. 1957ರಲ್ಲಿ ಸೇಂಟ್ ಆಂಡ್ರೂಸಿನಲ್ಲಿಯೇ ನಡೆದ ಓಪನ್ ಪಂದ್ಯದ ಕೊನೆಯ ಕುಳಿಯಲ್ಲಿ ದಕ್ಷಿಣ ಆಫ್ರಿಕದ ಬಾಬಿ ಲಾಕ್ ಎಂಬಾತನು, ಜೊತೆಗಾರನ ದಾರಿಗೆ ಅಡ್ಡವಾಗದಂತೆ ತನ್ನ ಗುರುತನ್ನು ಪಕ್ಕಕ್ಕಿಟ್ಟು, ಚೆಂಡನ್ನು ಮೊದಲಿನ ಸ್ಥಳಕ್ಕೆ ಮರಳಿಸುವುದನ್ನು ಮರೆತನು. ಇದು ಹೊರಬಿದ್ದುದು ಆಮೇಲೆ, ಚಲಚ್ಚಿತ್ರದಿಂದ. ಅವನು ಮೂರು ಏಟುಗಳ ಅಂತರದಿಂದ ಗೆದ್ದಿದ್ದನು. ಮರೆವಿನಿಂದ ಲಾಭವೇನೂ ಆಗಿರಲಿಲ್ಲ. ಸಮಿತಿಯವರು ಗೆಲವನ್ನು ಹಾಗೆಯೇ ಉಳಿಸಿದರು. 2013ರಲ್ಲಿ ಅಮೆರಿಕದ ಆಗಸ್ಟಾದಲ್ಲಿ ಟೈಗರ್ ವುಡ್ಸ್, ನೀರಿಗೆ ಬಿದ್ದ ಚೆಂಡಿಗೆ ಬದಲು ಇನ್ನೊಂದನ್ನು ತಪ್ಪು ಸ್ಥಳದಲ್ಲಿ ಬೀಳಿಸಿ ಹೊಡೆದರು. ಎರಡು ಗಜ ಹಿಂದಕ್ಕೆ ಬಂದೆನೆಂದು ಆಟದ ಬಳಿಕ ಅವರೇ ಹೇಳಿದರು. ಆ ಮಾತೇ ಸಾಕ್ಷ್ಯವಾಯಿತು. ಮರುದಿನ ಎರಡು ಏಟುಗಳ ದಂಡ ಬಿದ್ದಿತು. ಸಮಿತಿಯೇ ಮೊದಲು ನೋಡಿ ದೋಷವಿಲ್ಲವೆಂದಿದ್ದ ಕಾರಣ ಪಂದ್ಯದಿಂದ ತೆಗೆಯಲಿಲ್ಲ. ಶಾಸನವು ಎಷ್ಟೇ ಬೆಳೆದರೂ ನ್ಯಾಯಬುದ್ಧಿಗೆ ಎಡೆ ಉಳಿದೇ ಇರುತ್ತದೆಂಬುದಕ್ಕೆ ಇವೆರಡೂ ನಿದರ್ಶನ. ಆ ಎಡೆ ಎಷ್ಟಗಲವಿರಬೇಕೆಂಬುದು ಮಾತ್ರ ಮುಗಿಯದ ವಾದ.

ಈ ಆಟ ನಮ್ಮ ನಾಡಿಗೂ ಹೊಸದಲ್ಲ. ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದೆನಿಸಿದ ಗಾಲ್ಫ್ ಸಂಘ 1829ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು. ಬೆಂಗಳೂರಿನ ಸಂಘ 1876ರದು. ಅಲ್ಲಿ ಬೆಳಗಿನ ಹೊತ್ತು ಚೆಂಡು ಹೊಡೆಯಲು ನಿಲ್ಲುವವನಿಗೆ ಲೀತಿನ ಹೆಸರು ತಿಳಿಯದೆ ಇರಬಹುದು. ಆದರೂ ಅವನು ಗುರುತುಗಳ ಹಿಂದೆ ಚೆಂಡನ್ನಿಡುವಾಗ 1744ರ ಮೊದಲ ವಾಕ್ಯವನ್ನೇ ಪಾಲಿಸುತ್ತಿರುತ್ತಾನೆ. ಸಾಮಾನ್ಯವಾಗಿ ಅವನ ಬೆನ್ನ ಹಿಂದೆ ತೀರ್ಪುಗಾರನು ನಿಂತಿರುವುದಿಲ್ಲ. ಚೆಂಡು ಗೆರೆಯಿಂದ ಅರ್ಧ ಗೇಣು ಮುಂದಿದ್ದರೆ ಬಹುಶಃ ಅದು ಅವನಿಗೊಬ್ಬನಿಗೇ ಗೊತ್ತು. ಆಗ ಅವನು ಬಗ್ಗಿ, ಚೆಂಡನ್ನೆತ್ತಿ, ಹಿಂದಕ್ಕಿಟ್ಟನೆಂದರೆ ಕಾಣದ ನೂರು ಜನರ ಹಕ್ಕನ್ನು ಕಾಪಾಡಿದಂತಾಯಿತು. ಇಷ್ಟನ್ನು ಕಲಿಸುವುದಕ್ಕೆ ಒಂದು ಆಟಕ್ಕೆ ಇನ್ನೂರ ಎಂಬತ್ತು ವರ್ಷ ಹಿಡಿದಿದ್ದರೂ ಆ ಕಾಲ ವ್ಯರ್ಥವಾಯಿತೆಂದು ನಾವು ಹೇಳಲಾರೆವು.