ಒಂದೇ ಉಚ್ಚಾರದ ಎರಡು ಮಾತುಗಳು

ರೋಣದ ಶಾಲೆಯ ಹುಡುಗನಿಗೆ ಇಂಗ್ಲಿಷ್ ಉಕ್ತಲೇಖನದಲ್ಲಿ 'ನೈಟ್' ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಲೇಖನಿಯು ತಡೆಯುವದು. ಅದು ರಾತ್ರಿಯೋ, ಕುದುರೆಯೇರಿದ ವೀರನೋ? ಉಚ್ಚಾರವು ಒಂದೇ, ಆದರೆ ವೀರನ ಮಾತಿಗೆ ಮೊದಲಲ್ಲಿ ಯಾರೂ ನುಡಿಯದ 'ಕೆ' ಅಕ್ಷರವೊಂದುಂಟು. ನುಡಿದಂತೆ ಬರೆಯುವ ತನ್ನ ಕನ್ನಡವನ್ನು ನೆನೆದು ಹುಡುಗನು ಇಂಗ್ಲಿಷರ ಬರವಣಿಗೆಯನ್ನು ನಕ್ಕರೆ ಆಶ್ಚರ್ಯವಿಲ್ಲ. ಅವನ ಊರ ಹೆಸರನ್ನೇ ಆ ಲಿಪಿಯಲ್ಲಿ ಬರೆದರೆ ಣಕಾರವು ಅಳಿದು, ಆಂಗ್ಲ ಗೃಹಸ್ಥನೊಬ್ಬನ ಹೆಸರಾಗಿಬಿಡುವದಲ್ಲವೆ?

ಆದರೆ ಆ 'ಕೆ' ಅಕ್ಷರವು ನಿಷ್ಕಾರಣವಾಗಿ ಬಂದುದಲ್ಲ. ಸುಮಾರು 17ನೆಯ ಶತಮಾನದವರೆಗೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಲೇ ಇದ್ದರು. ಕ್ಯಾಕ್ಸ್‌ಟನ್ನನು 1476ರಲ್ಲಿ ಅಲ್ಲಿ ಮುದ್ರಣವನ್ನು ಆರಂಭಿಸಿದ ಮೇಲೆ ಕಾಗುಣಿತವು ಮೆಲ್ಲಮೆಲ್ಲನೆ ನೆಲೆಗೊಂಡಿತು. ಧ್ವನಿಯು ಅನಂತರ ಜಾರಿಹೋಯಿತು. ಹಾವು ಹೋದರೂ ಪೊರೆಯು ಉಳಿದಂತೆ ಅಕ್ಷರವು ಉಳಿಯಿತು.

ಕನ್ನಡದಲ್ಲಿ ನಡೆದುದು ಇದಕ್ಕೆ ವಿಪರೀತ. ಹಳಗನ್ನಡಕ್ಕೆ ಳಕಾರವಲ್ಲದೆ ೞ ಎಂಬ ರಳವೂ, ರಕಾರವಲ್ಲದೆ ಱ ಎಂಬ ಶಕಟರೇಫವೂ ಇದ್ದವು. ರೋಣದ ಕಡೆಯ ಸೂಡಿಯಲ್ಲಿ ಚಾಲುಕ್ಯರ ಕಾಲದ ಶಿಲಾಶಾಸನಗಳಿವೆ. ಆ ವಂಶದ ಜಯಸಿಂಹನ ಸೋದರಿ ಅಕ್ಕಾದೇವಿಯು 11ನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದಳು. 'ಆಳ್ದಳ್' ಎಂದರೆ ರಾಜ್ಯವಾಳಿದಳು. 'ಆೞ್ದಳ್' ಎಂದು ಬರೆದರೆ ಮುಳುಗಿದಳು! ಒಂದಕ್ಷರದಿಂದ ರಾಣಿಗೆ ಎಷ್ಟು ಅಂತರ! ಹಾಗೆಯೇ ಬಾಳ್ ಎಂಬುದು ಕತ್ತಿ, ಬಾೞ್ ಎಂಬುದು ಜೀವಿಸುವದು. ಎಳೆಯದು ಕೋಮಲವಾದುದು, ಎೞೆಯುವದು ಸೆಳೆಯುವದು. ಅರಿಯುವದು ಕತ್ತರಿಸುವದು, ಅಱಿಯುವದು ತಿಳಿಯುವದು. ತೆರೆಯು ಅಲೆ, ತೆಱೆಯುವದು ಬಾಗಿಲನ್ನು. ಇವೆಲ್ಲ ಇಂದು ಕಿವಿಗೂ ಒಂದೇ, ಕಣ್ಣಿಗೂ ಒಂದೇ. ಇಂಗ್ಲಿಷ್ ಓದುವವನಿಗೆ ಕಣ್ಣಾದರೂ ನೆರವಾಗುವದು. ಕನ್ನಡಿಗನಿಗೆ ಆ ನೆರವೂ ಇಲ್ಲ.

ರಳವು ಒಂದೇ ದಿನದಲ್ಲಿ ಹೋಗಲಿಲ್ಲ. ಸ್ವರದ ಮುಂದೆ ಅದು ಳಕಾರವಾಯಿತು. ವ್ಯಂಜನದ ಹಿಂದೆ ರಕಾರವಾಗಿ, ಬಳಿಕ ಆ ವ್ಯಂಜನದಲ್ಲಿಯೇ ಲೀನವಾಯಿತು. ಪೊೞ್ತು ಎಂಬುದು ಪೊರ್ತಾಗಿ ಹೊತ್ತಾಯಿತು, ಕೞ್ತೆಯು ಕತ್ತೆಯಾಯಿತು. ಹೊರೆಯನ್ನು 'ಹೊತ್ತು' ನಡೆಯುವವನ ಮಾತು ಪೊಱು ಎಂಬ ಧಾತುವಿನದು. ಹೊತ್ತು ಮುಳುಗಿದ್ದು ಬೇರೆಯ ಹೊತ್ತು. ತಮಿಳರೂ ಮಲೆಯಾಳಿಗಳೂ ರಳವನ್ನು ಇಂದಿಗೂ ಬರೆಯುವರು.

13ನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ರಳವುಳ್ಳ ಮಾತುಗಳನ್ನು ಎಣಿಸಿ ಹೇಳಿರುವನು. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರಬೇಕೆಂಬ ಪ್ರಾಸನಿಯಮವಿರಲಾಗಿ, ಳಕಾರವನ್ನು ರಳದೊಡನೆ ಬೆರೆಸುವ ಕವಿಯು ತಪ್ಪುವನು. ಆದರೆ ಕಿವಿಗೆ ಸ್ಪಷ್ಟವಾಗಿ ಕೇಳಿಸುವ ಭೇದಕ್ಕೆ ಪಟ್ಟಿಯೇಕೆ? ಅವನ ಕಾಲಕ್ಕೆ ರಳವು ಜನರ ಬಾಯಿಯನ್ನು ಬಿಟ್ಟು ಪಂಡಿತರ ಓಲೆಯನ್ನು ಸೇರಿತ್ತೆಂದೇ ತಿಳಿಯಬೇಕು. ಶಕಟರೇಫವು ಇನ್ನೂ ಕೆಲಕಾಲ ಬಾಳಿತು.

ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. ಅಚ್ಚಿನ ಮೊಳೆಗಳು ಕನ್ನಡಕ್ಕೆ ಬರುವ ಹೊತ್ತಿಗೆ ಉಳಿಸಿಕೊಳ್ಳತಕ್ಕ ಅಕ್ಷರಗಳೇ ಬಳಕೆಯಲ್ಲಿರಲಿಲ್ಲ. ಇಂಗ್ಲಿಷಿಗೆ ಮುದ್ರಣವು ಧ್ವನಿ ಸಾಯುವ ಮೊದಲು ಬಂದಿತು, ಕನ್ನಡಕ್ಕೆ ಸತ್ತ ಮೇಲೆ. ಆದರೂ ಧಾರವಾಡದಲ್ಲಿ ಕೆಲಸಮಾಡಿದ ಕಿಟ್ಟೆಲರು 1872ರಲ್ಲಿ ಕೇಶಿರಾಜನ ಗ್ರಂಥವನ್ನು ಅಚ್ಚುಮಾಡಿಸಿ, 1894ರ ತಮ್ಮ ನಿಘಂಟಿನಲ್ಲಿ ಈ ಎರಡಕ್ಷರಗಳಿಗೆ ಮರಳಿ ಸ್ಥಾನ ಕೊಟ್ಟರು. ಕತ್ತಿಯ ಬಾಳನ್ನೂ ಬದುಕಿನ ಬಾಳನ್ನೂ ಅಲ್ಲಿ ಬೇರೆಬೇರೆಯಾಗಿಯೇ ಹುಡುಕಬೇಕು.

ಆಡುಮಾತು ಮಾತ್ರ ನಿಘಂಟಿಗಾಗಿ ಕಾಯ್ದುಕೊಂಡಿರಲಿಲ್ಲ. ಕರೆ ಎಂದರೆ ಕೂಗುವದು, ಕಱೆ ಎಂದರೆ ಹಾಲನ್ನು ತೆಗೆಯುವದು. ಎರಡೂ ಒಂದಾದ ಮೇಲೆ ಎಮ್ಮೆಯನ್ನು ಕರೆದರೆಂದರೆ ಯಾವುದೆಂದು ತಿಳಿಯುವದು? ರೋಣದ ಕಡೆಯವರಿಗೆ ಈ ತೊಡಕಿಲ್ಲ. ಅವರು ಎಮ್ಮೆಯನ್ನು ಕರೆಯುವದು ಹತ್ತಿರ ಬರಲೆಂದು. ಬಂದ ಮೇಲೆ ಹಿಂಡುವರು.