ವಿದ್ಯುದಾವೇಶ ಮತ್ತು ವಿದ್ಯುತ್: ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರಿಗೆ ಪ್ರಾಥಮಿಕ ಮಾಹಿತಿ

ಹೊಸ ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಕಿಲೋವ್ಯಾಟ್, ವೋಲ್ಟ್, ಯೂನಿಟ್, ಭೂಸಂಪರ್ಕ ಮೊದಲಾದ ಪದಗಳನ್ನು ಪದೇ ಪದೇ ಕಾಣುತ್ತಾರೆ. ಶಾಲಾ ಮಕ್ಕಳೂ ವಿಜ್ಞಾನ ಪಾಠದಲ್ಲಿ ಇವೇ ಪದಗಳನ್ನು ಓದುತ್ತಾರೆ. ಇವುಗಳ ಅರ್ಥವನ್ನು ಸರಳವಾಗಿ ತಿಳಿಸುವುದು ಈ ಪುಟದ ಉದ್ದೇಶವಾಗಿದೆ.

1. ವಿದ್ಯುದಾವೇಶ ಎಂದರೇನು?

ಒಣಗಿದ ತಲೆಗೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿ, ಅದನ್ನು ಕಾಗದದ ಚೂರುಗಳ ಬಳಿ ಹಿಡಿದರೆ ಚೂರುಗಳು ಬಾಚಣಿಗೆಗೆ ಅಂಟಿಕೊಳ್ಳುತ್ತವೆ. ಉಜ್ಜಿದಾಗ ಕೂದಲಿನಲ್ಲಿದ್ದ ಕೆಲವು ಎಲೆಕ್ಟ್ರಾನ್‌ಗಳು ಬಾಚಣಿಗೆಗೆ ವರ್ಗಾವಣೆಯಾಗುವುದೇ ಇದಕ್ಕೆ ಕಾರಣ. ಎಲೆಕ್ಟ್ರಾನ್ ಋಣ ಆವೇಶವನ್ನೂ, ಪರಮಾಣುವಿನ ಕೇಂದ್ರದಲ್ಲಿರುವ ಪ್ರೋಟಾನ್ ಧನ ಆವೇಶವನ್ನೂ ಹೊಂದಿರುತ್ತದೆ. ಒಂದೇ ಬಗೆಯ ಆವೇಶಗಳು ಪರಸ್ಪರ ವಿಕರ್ಷಿಸುತ್ತವೆ. ಭಿನ್ನ ಆವೇಶಗಳು ಆಕರ್ಷಿಸುತ್ತವೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೆಂದರೆ, ಆವೇಶವು ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ. ಅದು ಒಂದು ಕಡೆಯಿಂದ ಮತ್ತೊಂದು ಕಡೆಗೆ ಸಾಗುತ್ತದೆ. ಮುಂದಿನ ಎಲ್ಲ ವಿವರಣೆಗೂ ಇದೇ ಆಧಾರ.

2. ವಿದ್ಯುತ್ ಪ್ರವಾಹ

ಆವೇಶದ ಚಲನೆಯನ್ನು ವಿದ್ಯುತ್ ಪ್ರವಾಹ ಎನ್ನುತ್ತಾರೆ. ಆವೇಶದ ಅಳತೆ ಕೂಲಂಬ್; ಒಂದು ಕೂಲಂಬ್ ಎಂದರೆ ಸುಮಾರು 6ರ ಮುಂದೆ 18 ಸೊನ್ನೆಗಳನ್ನು ಬರೆದಷ್ಟು ಎಲೆಕ್ಟ್ರಾನ್‌ಗಳ ಆವೇಶ. ಒಂದು ಸೆಕೆಂಡಿಗೆ ಒಂದು ಕೂಲಂಬ್ ಆವೇಶ ಹರಿದರೆ ಅದು ಒಂದು ಆಂಪಿಯರ್ ಪ್ರವಾಹ.

ತಾಮ್ರ, ಅಲ್ಯೂಮಿನಿಯಂ ಮುಂತಾದ ಲೋಹಗಳು ವಾಹಕಗಳು. ರಬ್ಬರ್, ಪ್ಲಾಸ್ಟಿಕ್, ಪಿಂಗಾಣಿ, ಒಣ ಮರ ಇವು ಅವಾಹಕಗಳು. ಹೊರಟ ಆವೇಶ ಹಿಂದಿರುಗಲು ಪೂರ್ಣ ಮಾರ್ಗವಿದ್ದರೆ ಮಾತ್ರ ಪ್ರವಾಹ ನಿರಂತರವಾಗಿ ಹರಿಯುತ್ತದೆ. ಈ ಮಾರ್ಗಕ್ಕೆ ವಿದ್ಯುನ್ಮಂಡಲ ಎಂದು ಹೆಸರು. ಸ್ವಿಚ್ ಆರಿಸುವುದೆಂದರೆ ಈ ಮಾರ್ಗವನ್ನು ಕಡಿಯುವುದು.

3. ವೋಲ್ಟ್ ಮತ್ತು ರೋಧ

ಮನೆಯ ಮೇಲಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತದೆ. ಹಾಗೆಯೇ ಆವೇಶವನ್ನು ಮುಂದೂಡುವ ಒತ್ತಡವನ್ನು ವೋಲ್ಟ್‌ಗಳಲ್ಲಿ ಅಳೆಯಲಾಗುತ್ತದೆ. ಟಾರ್ಚಿನ ಒಂದು ಶೆಲ್ 1.5 ವೋಲ್ಟ್, ಮನೆಯ ಸಂಪರ್ಕ 230 ವೋಲ್ಟ್. ಪ್ರವಾಹಕ್ಕೆ ವಸ್ತುವು ಒಡ್ಡುವ ಅಡ್ಡಿಯೇ ರೋಧ; ಇದರ ಅಳತೆ ಓಮ್. ವೋಲ್ಟ್ ಹೆಚ್ಚಿದಂತೆ ಪ್ರವಾಹ ಹೆಚ್ಚುತ್ತದೆ, ರೋಧ ಹೆಚ್ಚಿದಂತೆ ಕಡಿಮೆಯಾಗುತ್ತದೆ.

ಅಧಿಕ ವೋಲ್ಟ್‌ನಲ್ಲಿ ಸಾಗಿಸಿದರೆ ದೂರದ ಮಾರ್ಗದಲ್ಲಿ ಆಗುವ ನಷ್ಟ ಕಡಿಮೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಸಾಗಿಸಲಾದದ್ದು ಈ ಕ್ರಮದಿಂದಲೇ. 1905ರಲ್ಲಿ ಬೆಂಗಳೂರಿಗೂ ಅಲ್ಲಿಂದಲೇ ವಿದ್ಯುದ್ದೀಪದ ಬೆಳಕು ಬಂದಿತು.

4. ವ್ಯಾಟ್ ಮತ್ತು ಯೂನಿಟ್

ಉಪಕರಣವು ಶಕ್ತಿಯನ್ನು ಬಳಸುವ ದರವೇ ವ್ಯಾಟ್. 1000 ವ್ಯಾಟ್ ಸೇರಿ ಒಂದು ಕಿಲೋವ್ಯಾಟ್. 1000 ವ್ಯಾಟ್ ಉಪಕರಣ ಒಂದು ಗಂಟೆ ಕೆಲಸ ಮಾಡಿದರೆ ಒಂದು ಯೂನಿಟ್ ಖರ್ಚಾಗುತ್ತದೆ. 2000 ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಬಳಸಿದರೆ, 9 ವ್ಯಾಟಿನ ಎಲ್‌ಇಡಿ ದೀಪ ಅಷ್ಟನ್ನೇ ಬಳಸಲು ಸುಮಾರು 111 ಗಂಟೆ ಉರಿಯಬೇಕು. ನಾವು ಹಣ ತೆರುವುದು ಆವೇಶಕ್ಕಲ್ಲ, ಅದು ಹೊತ್ತು ತಂದ ಶಕ್ತಿಗೆ.

ಅರ್ಜಿಯಲ್ಲಿ ನಮೂದಿಸುವ ವಿದ್ಯುತ್ ಭಾರವನ್ನು ಅಂದಾಜು ಮಾಡಲು ಮನೆಯ ಉಪಕರಣಗಳ ವ್ಯಾಟ್‌ಗಳನ್ನು ಕೂಡಿಸಬೇಕು. ಉದಾಹರಣೆಗೆ:

- ಎಲ್‌ಇಡಿ ದೀಪ 5 (ತಲಾ 9 ವ್ಯಾಟ್): 45
- ಫ್ಯಾನ್ 2 (ತಲಾ 75 ವ್ಯಾಟ್): 150
- ಟಿ.ವಿ. 1: 100
- ಮಿಕ್ಸಿ 1: 500
- ಗೀಸರ್ 1: 2000
- ಒಟ್ಟು: 2795 ವ್ಯಾಟ್, ಅಂದರೆ ಸುಮಾರು 2.8 ಕಿಲೋವ್ಯಾಟ್

5. ಭೂಸಂಪರ್ಕ ಏಕೆ ಅಗತ್ಯ?

ಗ್ರೈಂಡರಿನ ಒಳಗೆ ತಂತಿಯ ಹೊದಿಕೆ ಸವೆದು ಅದು ಲೋಹದ ಮೈಗೆ ತಾಗಿದೆ ಎಂದು ಭಾವಿಸೋಣ. ಭೂಸಂಪರ್ಕ ಸರಿಯಾಗಿದ್ದರೆ ಆವೇಶವು ಕಡಿಮೆ ರೋಧದ ಆ ತಂತಿಯ ಮೂಲಕ ಹರಿಯುತ್ತದೆ. ಪ್ರವಾಹ ಏಕಾಏಕಿ ಹೆಚ್ಚಿ ಫ್ಯೂಸ್ ಹೋಗುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಗ್ರೈಂಡರ್ ಎಂದಿನಂತೆ ತಿರುಗುತ್ತಲೇ ಇರುತ್ತದೆ. ಅದನ್ನು ಮುಟ್ಟಿದವರ ದೇಹವೇ ಆವೇಶಕ್ಕೆ ಮಾರ್ಗವಾಗುತ್ತದೆ. ಒದ್ದೆ ಕೈ, ಬರಿಗಾಲುಗಳಿಂದ ದೇಹದ ರೋಧ ಕುಗ್ಗಿ ಅಪಾಯ ಹೆಚ್ಚುತ್ತದೆ.

60 ವ್ಯಾಟಿನ ಹಳೆಯ ಬಲ್ಬಿಗೆ ಸುಮಾರು 260 ಮಿಲಿ ಆಂಪಿಯರ್ ಪ್ರವಾಹ ಬೇಕು. ಅದರ ಅರ್ಧದಷ್ಟು ಪ್ರವಾಹವೂ ಹೃದಯದ ಮೂಲಕ ಹರಿದರೆ ಪ್ರಾಣ ಹೋಗಬಹುದು. ಇಷ್ಟು ಅಲ್ಪ ಪ್ರವಾಹಕ್ಕೆ ಫ್ಯೂಸ್ ಹೋಗುವುದಿಲ್ಲ. ಆದುದರಿಂದ ಆರ್‌ಸಿಸಿಬಿ ಎಂಬ ಸಾಧನವನ್ನು ಅಳವಡಿಸುವುದು ಸೂಕ್ತ. ಹೋದ ಆವೇಶವೆಲ್ಲ ಹಿಂದಿರುಗಲೇಬೇಕೆಂಬ ನಿಯಮವೇ ಇದಕ್ಕೆ ಆಧಾರ. ಹೋಗುವ ಮತ್ತು ಬರುವ ಪ್ರವಾಹಗಳ ನಡುವೆ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡುಬಂದರೆ, ಪ್ರವಾಹವು ಬೇರೆಲ್ಲೋ ಸೋರುತ್ತಿದೆ ಎಂದರ್ಥ. ಮನೆಗಳಿಗಾಗಿ ತಯಾರಿಸಿದ ಸಾಧನವು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ, ಉದ್ದನೆಯ ಪಿನ್ ಭೂಸಂಪರ್ಕದ್ದು. ಅದನ್ನು ಮುರಿದು ಎರಡು ಪಿನ್ ಮಾಡಿ ಬಳಸಬಾರದು.

6. ಪಾಲಿಸತಕ್ಕ ಸೂಚನೆಗಳು

ಅ) ಮನೆಯ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.
ಆ) ಮಕ್ಕಳು ವಿಜ್ಞಾನ ಪ್ರಯೋಗಗಳಿಗೆ ಟಾರ್ಚ್ ಶೆಲ್ ಮಾತ್ರ ಬಳಸಬೇಕು, ಮನೆಯ ಸಾಕೆಟ್ ಬಳಸಕೂಡದು.
ಇ) ಬಟ್ಟೆ ಒಣಗಿಸುವ ತಂತಿಯನ್ನಾಗಲಿ, ದನಕರುಗಳನ್ನಾಗಲಿ ವಿದ್ಯುತ್ ಕಂಬಕ್ಕೆ ಕಟ್ಟಬಾರದು.
ಈ) ಮನೆಯಲ್ಲಿ ಯಾರಿಗಾದರೂ ವಿದ್ಯುತ್ ತಗುಲಿದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸತಕ್ಕದ್ದು.
ಉ) ತುಂಡಾಗಿ ಬಿದ್ದ ತಂತಿಯ ಹತ್ತಿರ ಹೋಗದೆ, ಇತರರನ್ನೂ ತಡೆದು, ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ಕೂಡಲೇ ತಿಳಿಸತಕ್ಕದ್ದು.

ಅರ್ಜಿದಾರರು ಈ ಮಾಹಿತಿಯನ್ನು ಮನೆಯ ಮಕ್ಕಳೊಂದಿಗೆ ಓದಿ, ತಮ್ಮ ಮನೆಯ ಭೂಸಂಪರ್ಕವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ.